ಅಕ್ಕನ ಫೋಟೋಗೆ ಒಂದು ಕಾರ್ಡು

ಆ ವಾರ ನನಗೆ ಬೇಕಾಗಿದ್ದದ್ದು ಅಕ್ಕನ ಒಂದೇ ಒಂದು ಫೋಟೋ. ಸೋಮವಾರ ಬೆಳಿಗ್ಗೆ ಮದುವೆ ಬ್ರೋಕರು ಕಾಪುವಿನ ನಮ್ಮ ಮನೆಗೆ ಬಂದು, ಜಗಲಿಯಲ್ಲಿ ಕುಳಿತು, ಚಹಾ ಕುಡಿದು ವಿಷಯ ಹೇಳಿದರು. ಹುಡುಗ ಮಸ್ಕತ್ತಿನಲ್ಲಿದ್ದಾನೆ, ಮನೆ ಕಾರ್ಕಳ, ಜಾತಕ ಚೆನ್ನಾಗಿ ಕೂಡಿಬಂದಿದೆ. ಮುಂದಿನ ತಿಂಗಳು ಹದಿನೈದು ದಿನದ ರಜೆಯಲ್ಲಿ ಬರುತ್ತಾನೆ. ಆ ಹದಿನೈದು ದಿನದಲ್ಲಿ ಹೆಣ್ಣು ನೋಡಿ ನಿಶ್ಚಯವೂ ಆಗಬೇಕಾದ್ದರಿಂದ ಎಲ್ಲರ ಮನೆಗೂ ಹೋಗಲು ಅವನಿಗೆ ಪುರುಸೊತ್ತಿಲ್ಲ. ಫೋಟೋ ನೋಡಿ, ಒಪ್ಪಿಗೆಯಾದ ಮನೆಗೆ ಮಾತ್ರ ಬರುತ್ತಾನಂತೆ.

"ಶುಕ್ರವಾರ ಅವನಿಗೆ ರಜೆ. ಕೂತು ನೋಡ್ತಾನೆ. ಅಷ್ಟರೊಳಗೆ ಇಮೇಲಿನಲ್ಲಿ ಹೋಗಬೇಕು" ಎಂದರು ಬ್ರೋಕರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ನನ್ನನ್ನು ಹತ್ತಿರ ಕರೆದು ಇನ್ನೊಂದು ಮಾತು ಸೇರಿಸಿದರು. "ಮತ್ತೆ, ನಾವು ತುದಿಗಾಲಲ್ಲಿ ನಿಂತಿದ್ದೇವೆ ಅಂತ ಅವರಿಗೆ ಕಾಣಬಾರದು, ಗೊತ್ತಾಯ್ತಲ್ಲ? ಪುರುಸೊತ್ತಾದಾಗ ಕಳಿಸ್ತಾರೆ ಅಂತ ನಾನು ಹೇಳಿ ಇಟ್ಟಿದ್ದೇನೆ."

ಅಕ್ಕನಿಗೆ ಆಗ ಮೂವತ್ತೆರಡು. ಅಪ್ಪ ತೀರಿಹೋಗಿ ಆರು ವರ್ಷವಾಗಿತ್ತು. ಅಮ್ಮನ ಜೊತೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ನಾನು ಅವಳಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು, ಊರಿನ ಸಹಕಾರಿ ಸಂಘದಲ್ಲಿ ಗುಮಾಸ್ತ. ಅಪ್ಪ ಇಲ್ಲದ ಮನೆಯಲ್ಲಿ ಅಕ್ಕನ ಮದುವೆ ನನ್ನ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾಲ್ಕು ಸಂಬಂಧ ಬಂದು ತಪ್ಪಿಹೋಗಿತ್ತು. ನಾಲ್ಕನೆಯದು ಹೋದಾಗ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಇದೂ ಹೋದರೆ ಬ್ರೋಕರು ಮತ್ತೆ ನಮ್ಮ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಒಂದು ಫೋಟೋಗೆ ಇಷ್ಟು ರಾಮಾಯಣ ಏಕೆ, ಪೇಟೆಯ ಸ್ಟುಡಿಯೋಗೆ ಹೋಗಿ ತೆಗೆಸಬಾರದಿತ್ತೇ ಎಂದು ನೀವು ಕೇಳಬಹುದು. ತೊಂದರೆ ಇದ್ದದ್ದೇ ಅಲ್ಲಿ. ನಮ್ಮಲ್ಲಿ ಪ್ರಾಯದ ಹೆಣ್ಣುಮಗಳು ಸೀರೆ ಉಟ್ಟು ಮಲ್ಲಿಗೆ ಮುಡಿದು ಸ್ಟುಡಿಯೋದ ಮೆಟ್ಟಿಲು ಹತ್ತಿದರೆ, ಅವಳು ಇಳಿಯುವುದರೊಳಗೆ ಸಂಬಂಧ ಬಂದಿರುವುದು ಎದುರಿನ ಸೋಡಾ ಅಂಗಡಿಗೆ ಗೊತ್ತಾಗುತ್ತದೆ. ಅಲ್ಲಿಂದ ಬಸ್ ನಿಲ್ದಾಣ, ಬಸ್ ನಿಲ್ದಾಣದಿಂದ ಮೀನು ಮಾರುಕಟ್ಟೆ. ಸಂಬಂಧ ಗಟ್ಟಿಯಾಗುವವರೆಗೆ ಗುಟ್ಟಾಗಿಡಬೇಕು ಎನ್ನುವುದು ಸುಮ್ಮನೆ ಮಾಡಿದ ನಿಯಮವಲ್ಲ. ಮೂರನೆಯ ಸಂಬಂಧ ಹಾಗೆಯೇ ಹೋದದ್ದು. ಯಾರೋ ಪುಣ್ಯಾತ್ಮರು ಹುಡುಗನ ಮನೆಗೆ ಫೋನು ಮಾಡಿ, ಹುಡುಗಿಗೆ ಫಿಟ್ಸ್ ಬರುತ್ತದೆ ಎಂದಿದ್ದರು. ನಮ್ಮ ಅಕ್ಕನಿಗೆ ನೆಗಡಿ ಬಂದದ್ದೂ ಕಡಿಮೆ. ಆ ಸಲ ನಾವು ಫೋಟೋ ತೆಗೆಸಿದ್ದು ಅದೇ ಸ್ಟುಡಿಯೋದಲ್ಲಿ. ಸ್ಟುಡಿಯೋದವರ ತಪ್ಪೇನೂ ಇರಲಾರದು, ಆದರೆ ಅಮ್ಮ ಅಲ್ಲಿಂದ ಮುಂದೆ ಆ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟಿದ್ದಳು.

ಕ್ಯಾಮೆರಾ ಇರುವ ಮೊಬೈಲು ಆಗ ನಮ್ಮ ಸುತ್ತಮುತ್ತ ಒಬ್ಬರ ಬಳಿ ಇತ್ತು. ಅವರು ಬೆಳಿಗ್ಗೆ ತೆಗೆದದ್ದನ್ನು ಸಂಜೆಯೊಳಗೆ ಪಡುಬಿದ್ರಿಯವರೆಗೆ ತೋರಿಸಿ ಬರುವವರು.

ನನಗೆ ನೆನಪಾದದ್ದು ಮಾವನ ಕ್ಯಾಮೆರಾ. ದುಬೈಯಲ್ಲಿ ಹೋಟೆಲ್ ಅಡುಗೆಮನೆಯಲ್ಲಿದ್ದ ಅಮ್ಮನ ತಮ್ಮ, ಮೂರು ವರ್ಷದ ಹಿಂದೆ ಹೊಸತು ತೆಗೆದುಕೊಂಡಾಗ ಹಳೆಯದನ್ನು ನಮಗೆ ಕೊಟ್ಟು ಹೋಗಿದ್ದರು. ಬೆಳ್ಳಿ ಬಣ್ಣದ ಡಿಜಿಟಲ್ ಕ್ಯಾಮೆರಾ, ಕೈಯಲ್ಲಿ ಹಿಡಿದರೆ ಇಟ್ಟಿಗೆಯಷ್ಟು ಭಾರ, ನಾಲ್ಕು ಸೆಲ್ಲು ಹಾಕಿದರೆ ಗಂಟೆಯೊಳಗೆ ತಿಂದು ಮುಗಿಸುವಂಥದ್ದು. ಕಪಾಟಿನಲ್ಲಿ ಟವೆಲು ಸುತ್ತಿ ಮಲಗಿತ್ತು. ತೆಗೆದು ನೋಡಿದರೆ ಕೆಲಸ ಮಾಡಿತು. ಅದರೊಳಗಿನ ಕಾರ್ಡು ಮಾತ್ರ ಭರ್ತಿಯಾಗಿತ್ತು: ಒಂಟೆ, ಮಾವನ ರೂಮಿನ ಗೆಳೆಯರು, ದೊಡ್ಡ ಬಾಣಲೆಯ ಮುಂದೆ ಮಾವ.

ಅಲ್ಲೇ ಕ್ಯಾಮೆರಾದ ಗುಂಡಿ ಒತ್ತಿ ಒಂದೆರಡು ಒಂಟೆಯನ್ನು ಅಳಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನು ಉಡುಪಿಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದವನು. ಮನೆಯಲ್ಲಿ ಅಂಥವನು ನಾನೊಬ್ಬನೇ, ಆ ಜಂಬ ನನ್ನನ್ನು ಎಂದೂ ಸುಮ್ಮನೆ ಬಿಟ್ಟದ್ದಿಲ್ಲ. ಮಂಗಳವಾರ ಸಂಘದ ಕೆಲಸಕ್ಕೆಂದು ಉಡುಪಿಗೆ ಹೋದಾಗ ಕಾರ್ಡನ್ನು ಜೊತೆಗೆ ಒಯ್ದೆ. ಸೈಬರ್ ಸೆಂಟರಿನಲ್ಲಿ ಎಲ್ಲ ತರದ ಕಾರ್ಡು ಓದುವ ಒಂದು ಡಬ್ಬಿ ಇತ್ತು. ಮಾವನ ಫೋಟೋಗಳನ್ನೆಲ್ಲ ಸಿಡಿಗೆ ಹಾಕಿಸಿಕೊಂಡೆ. ಆಮೇಲೆ, ಕಾರ್ಡು ಪೂರ್ತಿ ಶುಚಿಯಾಗಲಿ ಎಂದು ಅದೇ ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದೆ. ಬಹಳ ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದು ಬಸ್ಸಿನಲ್ಲಿ ಬರುವಾಗ ನನ್ನನ್ನು ನಾನೇ ಮೆಚ್ಚಿಕೊಂಡದ್ದೂ ನೆನಪಿದೆ.

ಸಂಜೆ ಐದು ಗಂಟೆಗೆ ಅಕ್ಕ ತಯಾರಾಗಿದ್ದಳು. ಹಸಿರು ಸೀರೆ, ತಲೆಯಲ್ಲಿ ಶಂಕರಪುರ ಮಲ್ಲಿಗೆಯ ಒಂದು ಚೆಂಡು. ಹಿಂದಿನ ದಿನದಿಂದಲೇ ಬೀಡಿ ಮುಟ್ಟುವುದನ್ನು ಬಿಟ್ಟು, ಹುಣಸೆಹುಳಿ ಹಚ್ಚಿ ಬೆರಳು ತಿಕ್ಕುತ್ತಿದ್ದಳು. ತಂಬಾಕಿನ ಕಲೆ ಅಷ್ಟು ಬೇಗ ಹೋಗುವಂಥದ್ದಲ್ಲ, ಆದರೂ ತಿಕ್ಕಿದ್ದಳು. ಬಾವಿಯ ಪಕ್ಕದ ಗೋಡೆಗೆ ಬಿಸಿಲು ಒಳ್ಳೆಯದಾಗಿ ಬೀಳುತ್ತಿತ್ತು. ಅಲ್ಲಿ ನಿಲ್ಲಿಸಿ, ಕಾರ್ಡು ತುರುಕಿ, ಗುಂಡಿ ಒತ್ತಿದೆ. ಪರದೆಯ ಮೇಲೆ 'ಕಾರ್ಡ್ ಎರರ್' ಎಂದು ಬಂತು. ತೆಗೆದೆ, ಅಂಗಿಗೆ ಒರೆಸಿದೆ, ಹಾಕಿದೆ. ಕಾರ್ಡ್ ಎರರ್. ಸೆಲ್ಲು ಬದಲಿಸಿದೆ. ಕಾರ್ಡ್ ಎರರ್. ಹತ್ತು ಸಲ, ಹದಿನೈದು ಸಲ. ಬಿಸಿಲು ಗೋಡೆಯಿಂದ ಮೇಲಕ್ಕೆ ಹೋಗಿ ತೆಂಗಿನ ಗರಿಗಳಲ್ಲಿ ನಿಂತಿತು. ಅಕ್ಕ ಸೆರಗು ಸರಿಮಾಡಿಕೊಂಡು ನಿಂತೇ ಇದ್ದಳು.

"ಎಂತ ಆಯ್ತು?" ಅಮ್ಮ ಹಿಂದಿನಿಂದ ಕೇಳಿದಳು.

"ಎಂತ ಆಗಿಲ್ಲ. ಸ್ವಲ್ಪ ಸುಮ್ಮನಿರು" ಎಂದು ರೇಗಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅದರಲ್ಲೂ ತಪ್ಪು ನನ್ನದಾಗಿದ್ದರೆ ಇನ್ನೂ ಬೇಗ ಬರುತ್ತದೆ.

ಬುಧವಾರ ಸಂಘಕ್ಕೆ ಅರ್ಧ ದಿನ ರಜೆ ಹಾಕಿದೆ. ಹೊಸ ಕಾರ್ಡು ತಂದರೆ ಮುಗಿಯಿತಲ್ಲ ಎಂದುಕೊಂಡಿದ್ದೆ. ಕ್ಯಾಮೆರಾವನ್ನೂ ಒಯ್ಯಲು ಹೊರಟಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಬಸ್ಸಿನಲ್ಲಿ ಅಷ್ಟು ದೊಡ್ಡದು ಹಿಡ್ಕೊಂಡು ಹೋದ್ರೆ ಯಾರಾದ್ರೂ ಕೇಳದೆ ಇರ್ತಾರಾ? ಎಂತಕ್ಕೆ, ಯಾರಿಗೆ ಅಂತ? ಆ ಸಣ್ಣದು ಸಾಕು, ಅದನ್ನೇ ತೋರಿಸು. ಮತ್ತೆ ಎಲ್ಲಿಯೂ ಬಾಯಿ ಬಿಡಬೇಡ, ಮಗಾ." ಹಾಗಾಗಿ ಸತ್ತ ಕಾರ್ಡನ್ನು ಮಾತ್ರ ಪ್ರಸಾದದ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡು ಹೊರಟೆ.

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಮೊದಲ ಅಂಗಡಿಯವನು ಲಕೋಟೆಯನ್ನು ಬಿಡಿಸಿಯೂ ನೋಡಲಿಲ್ಲ. ಗಾಜಿನ ಕಪಾಟಿನಿಂದ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಪುಟ್ಟ ಕಾರ್ಡು ತೆಗೆದು ಮುಂದಿಟ್ಟ. "ಎಲ್ಲ ಒಂದೇ ಅಣ್ಣಾ. ಈಗ ಎಲ್ಲದಕ್ಕೂ ಇದೇ ಹೋಗುವುದು." ನನ್ನ ಕಾರ್ಡನ್ನು ಅದರ ಪಕ್ಕದಲ್ಲಿಟ್ಟೆ. ಒಂದು ತೆಳ್ಳಗೆ ಅಗಲ, ರಟ್ಟಿನ ಹಾಗೆ ಬಳುಕುವಂಥದ್ದು. ಇನ್ನೊಂದು ಚಿಕ್ಕದು, ಗಟ್ಟಿ. "ಇದು ಒಂದೇ ಅಂತ ನಿನಗೆ ಹೇಗೆ ಕಾಣ್ತದೆ ಮಾರಾಯ?" ಎಂದೆ. ಅವನಿಗೂ ಕೋಪ ಬಂತು. ಎರಡನೆಯ ಅಂಗಡಿಯಲ್ಲಿ ಸಾಲು ಸಾಲು ಕಾರ್ಡು ತೋರಿಸಿದರು: ದಪ್ಪ ಚೌಕದ್ದು, ಉದ್ದದ್ದು, ಇನ್ನೊಂದು ಕೆಳಗೆ ಬಿದ್ದರೆ ಹುಡುಕಲಾಗದಷ್ಟು ಸಣ್ಣದು. ನನ್ನದು ಯಾವುದೂ ಅಲ್ಲ. ಮೂರನೆಯ ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು, "ಇದು ಕ್ಯಾಮೆರಾದ್ದಾ? ನಾನು ಸಿಮ್ಮು ಅಂತ ಮಾಡಿದೆ" ಎಂದರು. ಅಷ್ಟು ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಮೂರು ವರ್ಷದಲ್ಲಿ ಒಂದು ವಸ್ತು ಊರಿನಿಂದಲೇ ಮಾಯವಾಗಬಹುದು ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಕಡೆಗೋಲು ಇನ್ನೂ ಮೊಸರು ಕಡೆಯುತ್ತಿತ್ತು.

ಸಿಟಿ ಬಸ್ಸಿನಲ್ಲಿ ಮಣಿಪಾಲಕ್ಕೆ ಏರಿದೆ. ಪರದೇಶದ ವಿದ್ಯಾರ್ಥಿಗಳಿರುವ ಊರು, ಅಲ್ಲಿ ಸಿಗದೆ ಹೋಗಲಿಕ್ಕಿಲ್ಲ ಎಂಬ ಆಸೆ. ಹುಡುಕಿ ಹುಡುಕಿ, ಕಂಪ್ಯೂಟರ್ ರಿಪೇರಿಯ ಒಂದು ಅಂಗಡಿಯಲ್ಲಿ ಕನ್ನಡಕದವರೊಬ್ಬರು ಕಾರ್ಡನ್ನು ನೋಡಿದ ತಕ್ಷಣ ಹೆಸರು ಹೇಳಿದರು. ನನಗೆ ಅವರ ಕಾಲಿಗೆ ಬೀಳುವ ಹಾಗಾಯಿತು.

"ಇದು ಸ್ಮಾರ್ಟ್ ಮೀಡಿಯಾ. ಈಗ ಮಾಡುವುದನ್ನೇ ನಿಲ್ಲಿಸಿದ್ದಾರೆ. ಹಾಳಾದದ್ದು ಹೇಗೆ?"

ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದ್ರಾ? ಈ ಜಾತಿಯದ್ದನ್ನು ಕ್ಯಾಮೆರಾದೊಳಗೇ ಮಾಡಬೇಕು. ಇಲ್ಲದಿದ್ರೆ ಕ್ಯಾಮೆರಾ ಅದನ್ನು ಮತ್ತೆ ಗುರುತು ಹಿಡಿಯುವುದಿಲ್ಲ. ಕೆಡಿಸಿದ್ದು ನೀವೇ."

ಅಂಗಡಿಯ ನಡುವೆ ನಿಂತು ನನಗೆ ನನ್ನ ತಲೆಯನ್ನೇ ಗೋಡೆಗೆ ಬಡಿಯಬೇಕೆನಿಸಿತು. ಇಷ್ಟು ಹೊತ್ತು ಕ್ಯಾಮೆರಾವನ್ನು, ಮಾವನನ್ನು, ಅಂಗಡಿಯವರನ್ನು ಬೈದುಕೊಂಡು ಬಂದಿದ್ದೆ.

ಅವರು ಒಳಗೆ ಹೋಗಿ, ಎಷ್ಟೋ ಡಬ್ಬಿ ಕೆದಕಿ, ಮಾರಾಟವಾಗದೆ ಉಳಿದ ಒಂದೇ ಒಂದು ಕಾರ್ಡು ತಂದರು. ನೂರ ಇಪ್ಪತ್ತೆಂಟು ಎಂಬಿಯದ್ದು, ನನ್ನದು ಎಂಟರದ್ದು. "ನಿಮ್ಮ ಕ್ಯಾಮೆರಾ ಎಷ್ಟರವರೆಗೆ ತಗೊಳ್ತದೆ? ತೀರ ಹಳೆಯದಾದರೆ ಇಷ್ಟು ದೊಡ್ಡದು ಹಿಡಿಯುವುದಿಲ್ಲ. ಕ್ಯಾಮೆರಾ ತರಬೇಕಿತ್ತು ನೀವು."

"ದೊಡ್ಡದಾದರೆ ಒಳ್ಳೆಯದೇ ಅಲ್ವಾ?" ಎಂದೆ ನಾನು.

"ಒಳ್ಳೆಯದು ಬೇರೆ, ಆಗುವುದು ಬೇರೆ" ಎಂದು ಅವರು ಕಾರ್ಡಿನ ಮೂಲೆ ತೋರಿಸಿದರು. ಚಿನ್ನದ ಬಣ್ಣದ ಭಾಗ ಮೇಲೆ ಮಾಡಿ ಹಿಡಿದರೆ ಕೆಲವಕ್ಕೆ ಎಡಮೂಲೆ ಕತ್ತರಿಸಿರುತ್ತದೆ, ಕೆಲವಕ್ಕೆ ಬಲಮೂಲೆ. ಎಡದ್ದು ತೀರ ಹಳೆಯದು, ಅದಕ್ಕೆ ಬೇಕಾದ ಕರೆಂಟೇ ಬೇರೆ. ನಮ್ಮದಕ್ಕೆ ಬಲಮೂಲೆಯದ್ದೇ ಆಗಬೇಕು. ನಾನು ತಲೆಯಾಡಿಸಿ, ಆದದ್ದಾಗಲಿ ಎಂದು ಆ ದೊಡ್ಡದನ್ನೇ ಕೊಂಡೆ. ಕೊನೆಗೆ ಅವರು, "ಇದು ಆಗದಿದ್ದರೆ ಕಾರ್ಕಳದಲ್ಲಿ ಒಬ್ಬರು ಸ್ಟುಡಿಯೋದವರು ಇದ್ದಾರೆ. ಮೊದಮೊದಲು ಡಿಜಿಟಲ್ ತೆಗೆದುಕೊಂಡವರು. ಅವರ ಹತ್ತಿರ ಹಳೆಯದು ಇದ್ದರೂ ಇರಬಹುದು" ಎಂದು ದಾರಿ ಬರೆದುಕೊಟ್ಟರು.

ಆ ಸಂಜೆ ಅಕ್ಕ ಮತ್ತೆ ಹಸಿರು ಸೀರೆ ಉಟ್ಟು, ಹೊಸ ಮಲ್ಲಿಗೆ ಮುಡಿದು ಗೋಡೆಯ ಮುಂದೆ ನಿಂತಳು. ದೊಡ್ಡ ಕಾರ್ಡು ಹಾಕಿದೆ. ಪರದೆ ಸ್ವಲ್ಪ ಹೊತ್ತು ಯೋಚಿಸಿತು. ಆ ಯೋಚನೆಯ ಅವಧಿಯಲ್ಲಿ ನಾನು ಊರಿನ ಎಲ್ಲ ದೈವಗಳಿಗೂ ಹೇಳಿಕೊಂಡೆ. ಕಾರ್ಡ್ ಎರರ್.

ಕ್ಯಾಮೆರಾವನ್ನು ಬಾವಿಗೆ ಎಸೆಯಲು ಕೈ ಎತ್ತಿದ್ದೆ. ಅಕ್ಕ ಬಂದು ಕೈ ಹಿಡಿದು ಅದನ್ನು ತೆಗೆದುಕೊಂಡಳು. ತಲೆಯಿಂದ ಮಲ್ಲಿಗೆ ಬಿಚ್ಚಿ ತುಳಸಿಕಟ್ಟೆಯ ಮೇಲಿಟ್ಟಳು. "ನಾಳೆಯೂ ಆಗದಿದ್ದರೆ ಬಿಟ್ಟುಬಿಡು ಮಾರಾಯ. ನನಗೆ ಅಂಥ ಬೇಸರ ಏನಿಲ್ಲ" ಎಂದಳು. ಅಷ್ಟು ಹೇಳಿ ಒಳಗೆ ಹೋದವಳು ಮತ್ತೆ ಹುಣಸೆಹುಳಿ ಹಿಡಿದು ಕುಳಿತದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಬೇಸರ ಇಲ್ಲದವಳು ಚರ್ಮ ಕೆಂಪಾಗುವವರೆಗೆ ಬೆರಳು ತಿಕ್ಕುವುದಿಲ್ಲ. ಉಳಿದದ್ದು ಗುರುವಾರ ಒಂದೇ ದಿನ.

ಗುರುವಾರ ಸಂಘಕ್ಕೆ ಜ್ವರ ಎಂದು ಹೇಳಿಕಳಿಸಿದೆ. ಈ ಸಲ ಅಮ್ಮನ ಮಾತು ಕೇಳದೆ ಕ್ಯಾಮೆರಾವನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಮೇಲೆ ಎರಡು ಬಸಳೆಯ ಕಟ್ಟು ಮುಚ್ಚಿ ಹೊರಟೆ. ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿದೆ. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತು, ಕಂಡಕ್ಟರು ಪ್ರತಿಯೊಬ್ಬರ ಯೋಗಕ್ಷೇಮ ವಿಚಾರಿಸಿ ಮುಂದೆ ಹೋಗುತ್ತಿತ್ತು. ನನಗೆ ಇಳಿದು ಓಡಿದರೆ ಬೇಗ ತಲುಪುತ್ತೇನೆ ಎನಿಸುತ್ತಿತ್ತು. ಈ ಕಾರ್ಡು ಸಿಗದಿದ್ದರೆ ಅಕ್ಕ ಜಗಲಿಯಲ್ಲೇ ಮುದುಕಿಯಾಗುತ್ತಾಳೆ, ಅದಕ್ಕೆ ನಾನೇ ಕಾರಣ. ದಾರಿಯುದ್ದಕ್ಕೂ ಇದೊಂದೇ ಯೋಚನೆ ತಲೆಯಲ್ಲಿ ತಿರುಗುತ್ತಿತ್ತು. ಬುದ್ಧಿ ಸರಿ ಇದ್ದವನು ಯೋಚಿಸುವ ಹಾಗೆ ನಾನು ಆಗ ಯೋಚಿಸುತ್ತಿರಲಿಲ್ಲ.

ಸ್ಟುಡಿಯೋ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿತ್ತು. ಅರುವತ್ತು ದಾಟಿದ ಹಿರಿಯರೊಬ್ಬರು ಮೇಜಿನ ಮುಂದೆ ಕುಳಿತು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದರು. ಬಸಳೆಯ ಕಟ್ಟು ಸರಿಸಿ ಕ್ಯಾಮೆರಾ ಹೊರತೆಗೆದಾಗ ಅವರ ಮುಖ ಅರಳಿತು. "ಓ, ಇದಾ! ಇದು ನನ್ನ ಹತ್ತಿರವೂ ಇತ್ತು. ಬಹಳ ಒಳ್ಳೆಯ ಕ್ಯಾಮೆರಾ ಮಾರಾಯ್ರೇ, ಬಣ್ಣ ಎಷ್ಟು ಚಂದ ಬರ್ತದೆ ಗೊತ್ತುಂಟಾ?" ಕತ್ತರಿ ಬದಿಗಿಟ್ಟು, ಮೇಜಿನ ಕೆಳಗಿನಿಂದ ಒಂದು ಹಾರ್ಲಿಕ್ಸ್ ಡಬ್ಬಿ ಎಳೆದು ಕವುಚಿದರು. ಹಳೆಯ ರೀಲಿನ ಮುಚ್ಚಳ, ಬಲ್ಬು, ಸ್ಕ್ರೂಗಳ ನಡುವಿನಿಂದ ಎರಡು ಕಪ್ಪು ಕಾರ್ಡು ಹೊರಬಂದವು.

ಮೊದಲನೆಯದನ್ನು ತಿರುಗಿಸಿದೆ. ಎಡಮೂಲೆ. ಎರಡನೆಯದು ಬಲಮೂಲೆ, ಹದಿನಾರು ಎಂಬಿಯದ್ದು. ಅವರೇ ಅದನ್ನು ಕ್ಯಾಮೆರಾದೊಳಗೆ ಹಾಕಿದರು, ಅದರೊಳಗೇ ಫಾರ್ಮ್ಯಾಟ್ ಮಾಡಿದರು. ಪರದೆಯ ಮೂಲೆಯಲ್ಲಿ, ಇನ್ನೆಷ್ಟು ಫೋಟೋ ತೆಗೆಯಬಹುದು ಎಂಬ ಸಂಖ್ಯೆ ಮೂಡಿತು.

ಅದನ್ನು ನೋಡಿ ನಾನು ಅತ್ತುಬಿಟ್ಟೆ. ಕಣ್ಣು ತುಂಬಿ ಬಂತು ಎನ್ನುತ್ತಾರಲ್ಲ, ಹಾಗಲ್ಲ. ಮೇಜಿಗೆ ಕೈಯೂರಿ ಬಿಕ್ಕಿಬಿಕ್ಕಿ ಅತ್ತೆ. ಇಪ್ಪತ್ತೆಂಟು ವರ್ಷದ ಗಂಡಸು, ಒಂದು ತುಂಡು ಪ್ಲಾಸ್ಟಿಕ್ಕಿಗೆ.

ಅವರು ಗಾಬರಿಯಾಗಿ ಕುರ್ಚಿ ಎಳೆದು ಕೂರಿಸಿದರು, ಹೂಜಿಯ ನೀರು ಕೊಟ್ಟರು. "ಎಂತ ಆಯ್ತು ಮಗಾ? ಯಾರಾದರೂ ತೀರಿಹೋದ್ರಾ?" ಆ 'ಮಗಾ' ಎಂಬ ಮಾತು ಅಪ್ಪನ ಬಾಯಿಂದ ಬಂದ ಹಾಗೆ ಕೇಳಿಸಿತು. ಅಮ್ಮ ಹೇಳಿದ್ದೆಲ್ಲ ಅಲ್ಲಿಗೆ ಮುಗಿಯಿತು. ಅಕ್ಕನ ಪ್ರಾಯ, ತಪ್ಪಿಹೋದ ನಾಲ್ಕು ಸಂಬಂಧ, ಎರಡು ದಿನದ ಮಲ್ಲಿಗೆ, ಉಡುಪಿಯ ಅಂಗಡಿಗಳು, ಮಣಿಪಾಲ, ನಾಳೆಯ ಶುಕ್ರವಾರ, ಎಲ್ಲವನ್ನೂ ಹೇಳಿದೆ. ಹುಡುಗ ಈ ಊರಿನವನೇ ಎಂದೂ ಹೇಳಿದೆ. ಯಾವ ಮನೆ ಎಂದು ಕೇಳಿದರು. ಅದನ್ನೂ ಹೇಳಿದೆ.

"ಅವರಾ? ನನಗೆ ಚೆನ್ನಾಗಿ ಗೊತ್ತು. ಆ ಮನೆಯ ಎಲ್ಲ ಕಾರ್ಯಗಳಿಗೂ ಫೋಟೋ ತೆಗೆದವನು ನಾನು. ಒಳ್ಳೆಯ ಜನ, ಹುಡುಗನೂ ಒಳ್ಳೆಯವ" ಎಂದರು. ಕಾರ್ಡನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಇದಕ್ಕೆ ಎಂತದ್ದೂ ಕೊಡುವುದು ಬೇಡ. ಅಕ್ಕನಿಗಾಗಿ ಇಷ್ಟು ಓಡಾಡುವ ತಮ್ಮನನ್ನು ನಾನು ಈಗಿನ ಕಾಲದಲ್ಲಿ ಕಂಡದ್ದಿಲ್ಲ. ಮದುವೆಗೆ ಕರೆ, ಫೋಟೋ ನಾನೇ ತೆಗೀತೇನೆ." ಬಸಳೆಯ ಕಟ್ಟು ಎರಡನ್ನೂ ಅವರ ಮೇಜಿನ ಮೇಲಿಟ್ಟು ಕೈಮುಗಿದು ಇಳಿದು ಬಂದೆ. ಆ ನಾಲ್ಕು ದಿನದಲ್ಲಿ ಮೊದಲ ಸಲ ಹಸಿವಾಯಿತು.

ಮನೆ ಮುಟ್ಟುವಾಗ ಐದು ಕಾಲು. ಬಿಸಿಲು ಗೋಡೆಯ ಅರ್ಧದಲ್ಲಿತ್ತು. ಅಕ್ಕ ಮೂರನೆಯ ಸಲ ಸೀರೆ ಉಟ್ಟು ನಿಂತಳು. ಆರೇಳು ಫೋಟೋ ತೆಗೆದೆ. ಎಲ್ಲದರಲ್ಲೂ ಅವಳು ತುಟಿ ಬಿಗಿದುಕೊಂಡು, ಸಂಘದ ವಾರ್ಷಿಕ ಸಭೆಯಲ್ಲಿ ಕುಳಿತವರ ಹಾಗೆ ಕಾಣುತ್ತಿದ್ದಳು. ಇನ್ನೊಂದು ತೆಗೆಯೋಣ ಎಂದು ಹಿಂದೆ ಹಿಂದೆ ಹೋದವನು ಬಟ್ಟೆ ಒಗೆಯುವ ಕಲ್ಲಿಗೆ ಎಡವಿ, ಕ್ಯಾಮೆರಾವನ್ನು ಮೇಲೆತ್ತಿ ಹಿಡಿದುಕೊಂಡೇ, ನೆನೆಹಾಕಿದ ಬಟ್ಟೆಯ ಬಕೆಟ್ಟಿನಲ್ಲಿ ಕುಳಿತುಬಿಟ್ಟೆ. ಅಕ್ಕ ನಕ್ಕಳು. ಸಣ್ಣವಳಿದ್ದಾಗ ನಗುತ್ತಿದ್ದ ಹಾಗೆ, ತಲೆ ಹಿಂದಕ್ಕೆ ಹಾಕಿ, ಬಾಯಿ ತುಂಬ. ಮುಂದಿನ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಸ್ವಲ್ಪ ಏರಿ ನಿಂತದ್ದು ಕಾಣುತ್ತಿತ್ತು. ಬಕೆಟ್ಟಿನಲ್ಲಿ ಕುಳಿತಲ್ಲಿಂದಲೇ ಗುಂಡಿ ಒತ್ತಿದೆ.

ಆ ಫೋಟೋದಷ್ಟು ಚಂದದ ಫೋಟೋ ನಮ್ಮ ಮನೆಯಲ್ಲಿ ಇವತ್ತಿಗೂ ಇಲ್ಲ. ಪರದೆಯಲ್ಲಿ ನೋಡಿ ಅಮ್ಮನೂ ನಕ್ಕಳು. ಅಕ್ಕನಿಗೆ ಮಾತ್ರ ನಾಚಿಕೆ. "ಇದು ಬೇಡ. ಹಲ್ಲು ಕಾಣ್ತದೆ. ಮೊದಲಿನದ್ದು ಯಾವುದಾದರೂ ಕಳಿಸು."

"ಇದನ್ನೇ ಕಳಿಸುವುದು. ಮೊದಲಿನದ್ದರಲ್ಲಿ ನೀನು ಜಗಳಕ್ಕೆ ನಿಂತವಳ ಹಾಗೆ ಕಾಣ್ತಿ."

"ಬೇಡ ಅಂತ ಹೇಳಿದೆನಲ್ಲ."

"ನಿನಗೆ ಗೊತ್ತಾಗುವುದಿಲ್ಲ, ಸುಮ್ಮನಿರು" ಎಂದೆ. ಆ ಮನೆಯಲ್ಲಿ ಎಲ್ಲ ಗೊತ್ತಿರುವವನು ನಾನು ಅಲ್ಲವೇ.

ಶುಕ್ರವಾರ ಬೆಳಿಗ್ಗೆ ಸೈಬರ್ ಸೆಂಟರಿನವರು ಬಾಗಿಲು ತೆರೆಯುವ ಮೊದಲೇ ನಾನು ಅಲ್ಲಿದ್ದೆ. ನಗುವ ಫೋಟೋವನ್ನು ಬ್ರೋಕರು ಕೊಟ್ಟ ವಿಳಾಸಕ್ಕೆ ಕಳಿಸಿದೆ. ಹೋಯಿತು ಎಂದು ಪರದೆ ಹೇಳಿದ ಮೇಲೂ ಎರಡು ಸಲ ತೆರೆದು ನೋಡಿದೆ. ಸಂಘಕ್ಕೆ ಹೋಗಿ ಕುಳಿತು, ಸುಳ್ಳು ಜ್ವರದ ನೆನಪಾಗಿ ಆಗಾಗ ಕೆಮ್ಮುತ್ತ ಕೆಲಸ ಮಾಡಿದೆ.

ಶನಿವಾರ ಮಧ್ಯಾಹ್ನ ಸಂಘದ ಫೋನಿಗೆ ಬ್ರೋಕರ ಕರೆ ಬಂತು.

"ಎಂತ ಮಾಡಿದ್ದು ಮಾರಾಯ ನೀನು?"

ಇಮೇಲು ತಲುಪಲಿಲ್ಲವೇ ಎಂದು ಕೇಳಿದೆ.

"ಇಮೇಲಿನ ಮಾತು ಬಿಡು. ಕಾರ್ಕಳದ ಸ್ಟುಡಿಯೋದವರ ಹತ್ತಿರ ಎಂತ ಹೇಳಿದ್ದಿ? ಅವರು ನಿನ್ನೆ ಬೆಳಿಗ್ಗೆಯೇ ಹುಡುಗನ ಮನೆಗೆ ಹೋಗಿದ್ದಾರೆ. ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ಇಂಥ ತಮ್ಮ ಎಲ್ಲಿಯೂ ಇಲ್ಲ, ಒಂದು ಫೋಟೋಗಾಗಿ ಮೂರು ಊರು ತಿರುಗಿದ, ನನ್ನ ಅಂಗಡಿಯಲ್ಲಿ ಕೂತು ಅತ್ತ, ಹುಡುಗಿಯನ್ನು ಬಿಡಬೇಡಿ ಅಂತ. ಹುಡುಗನ ತಾಯಿ ಈಗ ನನ್ನನ್ನು ಕೇಳ್ತಾರೆ, 'ಅಳುವಷ್ಟು ಅವಸರ ಯಾಕೆ ಅವರಿಗೆ? ನಾಲ್ಕು ಸಂಬಂಧ ತಪ್ಪಿದೆಯಂತೆ, ಹುಡುಗಿಗೆ ಎಂತದೋ ಉಂಟು' ಅಂತ. ನಾನು ಎಂತ ಹೇಳಲಿ? ನಿನ್ನೆಯೇ ಮಗನಿಗೆ ಫೋನು ಮಾಡಿ ಅದು ಬೇಡ ಅಂತ ಹೇಳಿಯಾಗಿದೆ."

"ಫೋಟೋ ನೋಡಿದ ಮೇಲಾ?"

"ನೋಡುವುದು ಎಲ್ಲಿಂದ ಬಂತು? ಅವ ತೆರೆದೇ ಇಲ್ಲ. ತಾಯಿ ಬೇಡ ಅಂದ ಮೇಲೆ ಎಂತಕ್ಕೆ ನೋಡುವುದು ಅಂದನಂತೆ."

ಫೋನು ಇಟ್ಟೆ. ಎದುರಿಗೆ ಯಾರೋ ಪಾಸ್‌ಬುಕ್ ಹಿಡಿದು ನಿಂತಿದ್ದರು. ಅವರಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಆ ಸ್ಟುಡಿಯೋದವರನ್ನು ಬೈಯಲು ಪ್ರಯತ್ನಿಸಿದೆ, ಆಗಲಿಲ್ಲ. ಅವರು ನನಗೆ ಒಳ್ಳೆಯದನ್ನೇ ಬಯಸಿದ್ದರು. ಊರಿನವರ ಬಾಯಿಗೆ ಹೆದರಿ ನಮ್ಮ ಸ್ಟುಡಿಯೋವನ್ನು ಬಿಟ್ಟು, ಹುಡುಗನ ಊರಿನ ಸ್ಟುಡಿಯೋಗೇ ಹೋಗಿ ಮನೆಯ ಒಳಗನ್ನೆಲ್ಲ ಹರವಿ ಬಂದವನು ನಾನು.

ಮನೆಗೆ ಬಂದಾಗ ಇಬ್ಬರೂ ಜಗಲಿಯಲ್ಲಿದ್ದರು. ಅಕ್ಕ ಇನ್ನೂ ಬೀಡಿಯ ಮೊರ ಮುಟ್ಟಿರಲಿಲ್ಲ. ನನ್ನ ಮುಖ ನೋಡಿಯೇ ಅಮ್ಮನಿಗೆ ತಿಳಿಯಿತು. "ಬೇಡವಂತೆ" ಎಂದಷ್ಟೇ ಹೇಳಿದೆ. ಅಮ್ಮ ಎದ್ದು ಒಳಗೆ ಹೋದಳು.

ಅಕ್ಕ ಕೇಳಿದಳು, "ಫೋಟೋ ನೋಡಿ ಬೇಡ ಅಂದದ್ದಾ?"

ಜಾತಕ ಆಗಲೇ ಕೂಡಿತ್ತು. ಉಳಿದದ್ದು ಫೋಟೋ ಒಂದೇ. ಅವಳು ಬೇರೆ ಏನನ್ನು ತಾನೇ ಎಣಿಸುವುದು? ಅವರು ನೋಡಲೇ ಇಲ್ಲ ಅಕ್ಕಾ, ಕೆಡಿಸಿದ್ದು ನಾನು ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅಮ್ಮನಿಗೂ ಕೇಳಿಸುತ್ತದೆ, ಇಬ್ಬರೂ ನನ್ನನ್ನು ಹೇಗೆ ನೋಡುತ್ತಾರೆ ಎನ್ನುವ ಭಯ ಮುಂದೆ ಬಂದು ನಿಂತಿತು. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಚಪ್ಪಲಿ ಬಿಚ್ಚುವವನ ಹಾಗೆ ಬಗ್ಗಿದೆ.

"ನಾನು ಹೇಳಿದೆನಲ್ಲ, ಹಲ್ಲು ಕಾಣುವ ಹಾಗೆ ನಗಬಾರದಿತ್ತು" ಎಂದಳು. ನನ್ನನ್ನು ದೂರುವ ದನಿಯೂ ಅದರಲ್ಲಿರಲಿಲ್ಲ. ಮೊರ ಎಳೆದುಕೊಂಡು ಎಲೆ ಕತ್ತರಿಸಲು ಶುರುಮಾಡಿದಳು.

ನಾಳೆ ಹೇಳೋಣ ಎಂದುಕೊಂಡೆ. ಭಾನುವಾರ ಆಗಲಿಲ್ಲ, ಸೋಮವಾರ ಆಗಲಿಲ್ಲ, ಆಮೇಲೆ ಹೇಳಿದರೆ ಇಷ್ಟು ದಿನ ಏಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತಿತ್ತು. ವರ್ಷಗಳು ಹೋದವು. ಅಮ್ಮ ಹೋದಳು. ಅಕ್ಕನಿಗೆ ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾಳೆ, ನನ್ನ ಮಕ್ಕಳನ್ನು ಸಾಕಿದವಳು ಅವಳೇ. ಮಕ್ಕಳು ಏನಾದರೂ ತಮಾಷೆ ಮಾಡಿದರೆ ಅವಳಿಗೆ ನಗು ತಡೆಯುವುದಿಲ್ಲ, ಆದರೆ ನಗು ಬರುವ ಮೊದಲೇ ಅಂಗೈ ಬಾಯಿಯ ಮೇಲೆ ಬಂದಿರುತ್ತದೆ. ಮೊನ್ನೆ ಸಣ್ಣವಳು ಆ ಕೈಯನ್ನು ಎಳೆಯುತ್ತ, "ಅತ್ತೆ, ನೀವು ಯಾವಾಗಲೂ ಬಾಯಿ ಮುಚ್ಚಿ ನಗುವುದು ಯಾಕೆ?" ಎಂದು ಕೇಳಿದಳು. "ಅದು ಹುಟ್ಟಿದಾಗಿಂದ ಅಭ್ಯಾಸ ಮಗಾ" ಎಂದಳು ಅಕ್ಕ. ಪಕ್ಕದಲ್ಲೇ ಕುಳಿತಿದ್ದ ನಾನು ಆಗಲೂ ಏನೂ ಹೇಳಲಿಲ್ಲ.